ಲೈಂಗಿಕ ಅಲ್ಪಸಂಖ್ಯಾತರಿಗೆ ಆಪ್ತಸಲಹೆ: ಒಂದು ಶಾಸ್ತ್ರದ ಚರಿತ್ರೆಯೂ ಕಂಬಂ ಕಣಿವೆಯ ಮನೆಮಾತೂ

ಕಂಬಂ ಕಣಿವೆಯ ಕನ್ನಡಿಗರನ್ನು ಕುರಿತು ಬರೆಯಹೊರಟವರು ಅವರ ವಲಸೆಯ ಐತಿಹ್ಯ, ಕುಲ, ಮನೆದೇವರು, ಆಡುನುಡಿ ಇವುಗಳನ್ನು ವಿವರಿಸುವುದು ವಾಡಿಕೆ. 1906ರ ಮಧುರೆ ಜಿಲ್ಲೆಯ ಗ್ಯಾಸೆಟಿಯರು ಕಪ್ಪಿಲಿಯರನ್ನೂ ಅನುಪ್ಪರನ್ನೂ ಕನ್ನಡವಾಡುವ ಒಕ್ಕಲು ಜನರೆಂದು ಗುರುತಿಸಿದೆ. ಇಂದಿಗೂ ತೇನಿ, ಉತ್ತಮಪಾಳಯ, ಕಂಬಂ, ದಿಂಡಿಗಲ್ ಕಡೆಯ ಅನೇಕ ಕುಟುಂಬಗಳಲ್ಲಿ ಕನ್ನಡವು ಮನೆಮಾತಾಗಿದೆ, ಓದುಬರಹವೆಲ್ಲ ತಮಿಳಿನಲ್ಲಿ. ಹೀಗೆ ಎರಡು ನುಡಿಗಳ ನಡುವೆ ಬೆಳೆಯುವ ಮಗು ತನ್ನ ಅಂತರಂಗದ ಸಂಕಟವನ್ನು ಯಾರ ಮುಂದೆ, ಯಾವ ಮಾತಿನಲ್ಲಿ ಹೇಳಿಕೊಳ್ಳಬೇಕು? ಈ ಪ್ರಶ್ನೆಯನ್ನು ಸಲಿಂಗಪ್ರೇಮಿಗಳು, ಲಿಂಗತ್ವ ಅಲ್ಪಸಂಖ್ಯಾತರು, ಅಂತರಲಿಂಗಿಗಳು ಎಂದು ಈಗ ನಾವು ಕರೆಯುವ ಮಕ್ಕಳ ವಿಷಯದಲ್ಲಿ ಕೇಳಿಕೊಳ್ಳುವುದು ಈ ಲೇಖನದ ಉದ್ದೇಶ.

ಮೊದಲು ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಸುಮಾರು ಮೂವತ್ತು ವರ್ಷಗಳ ಹಿಂದೆ, ನಾವು ತರಬೇತಿ ಮುಗಿಸಿ ಉಪಾಧ್ಯಾಯ ವೃತ್ತಿಗೆ ಹೊಸದಾಗಿ ಸೇರಿದ್ದಾಗ, ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಅವನ ನಡಿಗೆಯನ್ನೂ ಮಾತಿನ ಧಾಟಿಯನ್ನೂ ಉಳಿದ ಹುಡುಗರು ಅಣಕಿಸುತ್ತಿದ್ದರು. ನಾವು ಅಣಕಿಸಿದವರನ್ನು ಗದರಿಸಲಿಲ್ಲ. ಅವನನ್ನೇ ಕರೆದು, “ಗಂಡುಮಗನ ಹಾಗೆ ನಡೆಯುವುದನ್ನು ಕಲಿತುಕೋ” ಎಂದೆವು. ಅವನ ತಂದೆಗೂ ಹೇಳಿಕಳುಹಿಸಿದೆವು. ಮರುವಾರ ಹುಡುಗನು ಮೈಮೇಲೆ ಬಾಸುಂಡೆಗಳೊಡನೆ ಬಂದನು. ಮರುತಿಂಗಳು ಬರಲೇ ಇಲ್ಲ. ನಾವು ಹೇಳಿದುದು ಬುದ್ಧಿಮಾತೆಂದೇ ಆಗ ನಂಬಿದ್ದೆವು.

ಆ ನಂಬಿಕೆ ನಮಗೆ ಎಲ್ಲಿಂದ ಬಂದಿತು? ಇದನ್ನು ವಿಚಾರಿಸಿದರೆ ಒಂದು ಶಾಸ್ತ್ರದ ಚರಿತ್ರೆಯೇ ತೆರೆದುಕೊಳ್ಳುತ್ತದೆ.

ನಮ್ಮ ದೇಶದಲ್ಲಿ ಸಲಿಂಗಸಂಬಂಧವನ್ನು ಅಪರಾಧವೆಂದು ಬರೆದಿಟ್ಟುದು 1860ರ ದಂಡಸಂಹಿತೆಯ 377ನೆಯ ಕಲಮು. ಅದು 1862ರಲ್ಲಿ ಜಾರಿಗೆ ಬಂದಿತು. ಅದೇ ಶತಮಾನದ ಕೊನೆಯ ಭಾಗದಲ್ಲಿ ಯುರೋಪಿನ ವೈದ್ಯರು ಇದನ್ನು ರೋಗವೆಂದು ವಿವರಿಸತೊಡಗಿದರು. ಅಮೆರಿಕದ ಮನೋವೈದ್ಯ ಸಂಘವು 1952ರಲ್ಲಿ ಪ್ರಕಟಿಸಿದ ಮನೋವ್ಯಾಧಿಗಳ ಪಟ್ಟಿಯಲ್ಲಿಯೂ ಇದು ಸೇರಿದ್ದಿತು. ಹೀಗೆ ಕಾನೂನು ಅಪರಾಧವೆಂದಿತು, ವೈದ್ಯವು ವ್ಯಾಧಿ ಎಂದಿತು. ಸಲಹೆ ಕೊಡುವವನ ಪಾಲಿಗೆ ಉಳಿದುದು “ಸರಿಪಡಿಸುವ” ಕೆಲಸವೊಂದೇ.

ಈ ತೀರ್ಮಾನವನ್ನು ಮೊದಲು ಪರೀಕ್ಷೆಗೆ ಒಡ್ಡಿದವರಲ್ಲಿ ಎವೆಲಿನ್ ಹೂಕರ್ ಎಂಬ ಮನಶ್ಶಾಸ್ತ್ರಜ್ಞೆ ಮುಖ್ಯರು. ಅದುವರೆಗೆ ವೈದ್ಯರು ಬರೆದುದೆಲ್ಲ ಚಿಕಿತ್ಸೆಗೆಂದು ಬಂದವರನ್ನು ಅಥವಾ ಸೆರೆಮನೆಯಲ್ಲಿದ್ದವರನ್ನು ನೋಡಿ. ಹೂಕರ್ ಅವರಾದರೋ ಸಮಾಜದಲ್ಲಿ ಎಲ್ಲರಂತೆ ಬದುಕುತ್ತಿದ್ದ 30 ಮಂದಿ ಸಲಿಂಗಪ್ರೇಮಿ ಪುರುಷರನ್ನೂ 30 ಮಂದಿ ಇತರ ಪುರುಷರನ್ನೂ ಆರಿಸಿ, ಮನಃಪರೀಕ್ಷೆಗಳನ್ನು ನಡೆಸಿ, ಯಾರ ಉತ್ತರ ಯಾವುದೆಂದು ತಿಳಿಸದೆ ತಜ್ಞರ ಮುಂದಿಟ್ಟರು. ತಜ್ಞರಿಗೆ ಎರಡು ಗುಂಪುಗಳನ್ನು ಬೇರ್ಪಡಿಸಲಾಗಲಿಲ್ಲ. ಈ ಫಲಿತಾಂಶ 1957ರಲ್ಲಿ ಅಚ್ಚಾಯಿತು. ಅಮೆರಿಕದ ಸಂಘವು 1973ರಲ್ಲಿ ಸಲಿಂಗಪ್ರೇಮವನ್ನು ವ್ಯಾಧಿಗಳ ಪಟ್ಟಿಯಿಂದ ತೆಗೆದುಹಾಕಿತು. ವಿಶ್ವ ಆರೋಗ್ಯ ಸಂಸ್ಥೆಯು 1990ರ ಮೇ 17ರಂದು ಅದೇ ಹಾದಿ ಹಿಡಿಯಿತು. ನಾವು ತರಬೇತಿ ಪಡೆದುದು ಇದಾದ ಮೇಲೆ. ಆದರೂ ನಮ್ಮ ಕೈಗೆ ಬಂದ ಶೈಕ್ಷಣಿಕ ಮನಶ್ಶಾಸ್ತ್ರದ ಪುಸ್ತಕದಲ್ಲಿ ಅದು “ಅಸಹಜ ನಡತೆ” ಎಂಬ ತಲೆಬರಹದ ಕೆಳಗೇ ಇದ್ದಿತು.

ಸಂಶೋಧನೆಯ ದಾರಿ ನೇರವಾಗಿ ಸಾಗಿತೆಂದು ಭಾವಿಸಬಾರದು. 1973ರ ನಿರ್ಧಾರದಲ್ಲಿ ಪ್ರಮುಖ ಪಾತ್ರ ವಹಿಸಿದ್ದ ರಾಬರ್ಟ್ ಸ್ಪಿಟ್ಜರ್ ಅವರೇ 2003ರಲ್ಲಿ, ಕೆಲವರು ಚಿಕಿತ್ಸೆಯಿಂದ ಬದಲಾದರೆಂಬ ಅಧ್ಯಯನವನ್ನು ಪ್ರಕಟಿಸಿದರು. ಬದಲಾದೆವೆಂದು ಹೇಳಿಕೊಂಡವರ ಮಾತಿನ ಹೊರತು ಅದಕ್ಕೆ ಬೇರೆ ಆಧಾರವಿರಲಿಲ್ಲ. 2012ರಲ್ಲಿ ಅವರು ತಮ್ಮ ತಪ್ಪನ್ನೊಪ್ಪಿ ಬಹಿರಂಗವಾಗಿ ಕ್ಷಮೆ ಕೇಳಿದರು. ಅದೇ 2003ರಲ್ಲಿ ಇಲಾನ್ ಮೇಯರ್ ಎಂಬ ವಿದ್ವಾಂಸರು ಮತ್ತೊಂದು ವಿಚಾರವನ್ನು ಮಂಡಿಸಿದರು: ಈ ಜನರಲ್ಲಿ ಹೆಚ್ಚಾಗಿ ಕಾಣುವ ಖಿನ್ನತೆ, ಭಯಗಳಿಗೆ ಕಾರಣ ಅವರ ಸ್ವಭಾವವಲ್ಲ; ಅವಮಾನ, ಅವಮಾನವಾದೀತೆಂಬ ನಿರೀಕ್ಷೆ, ತನ್ನನ್ನು ಸದಾ ಮರೆಮಾಡಿಕೊಳ್ಳುವ ಆಯಾಸ ಇವೇ ಕಾರಣ. ಈ ವಿಚಾರದಿಂದ ಆಪ್ತಸಲಹೆಯ ಗುರಿಯೇ ಬದಲಾಯಿತು. ಮಗುವಿನ ಮೇಲೆ ಬಿದ್ದಿರುವ ಹೊರೆಯನ್ನು ಇಳಿಸುವುದು ಸಲಹೆಗಾರನ ಕೆಲಸವಾಯಿತು.

ಇನ್ನು ನಮ್ಮ ದೇಶದ ಮಾತು. ಗಣಿತಪ್ರತಿಭೆಯೆಂದು ಹೆಸರಾದ ಬೆಂಗಳೂರಿನ ಶಕುಂತಲಾ ದೇವಿಯವರು 1977ರಲ್ಲಿಯೇ ಸಲಿಂಗಪ್ರೇಮಿಗಳ ಬದುಕನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿ, ಅವರನ್ನು ಪೂರ್ಣವಾಗಿ ಒಪ್ಪಿಕೊಳ್ಳಬೇಕೆಂದು ವಾದಿಸಿದ್ದರು. ಆದರೆ 1980ರ ದಶಕದಲ್ಲಿಯೂ ಭಾರತೀಯ ಮನೋವೈದ್ಯ ಪತ್ರಿಕೆಯಲ್ಲಿ ನಡತೆಯನ್ನು ಬದಲಿಸುವ ಚಿಕಿತ್ಸೆಯ ವರದಿಗಳು ಬರುತ್ತಿದ್ದವು. ಅದೇ ಪತ್ರಿಕೆಯ 2012ರ ಸಂಪಾದಕೀಯದಲ್ಲಿ ಮೈಸೂರಿನ ಟಿ. ಎಸ್. ಸತ್ಯನಾರಾಯಣ ರಾವ್ ಮತ್ತು ವೆಲ್ಲೂರಿನ ಕೆ. ಎಸ್. ಜೇಕಬ್ ಅವರು ಸಲಿಂಗಪ್ರೇಮವನ್ನು ರೋಗವೆಂದು ಕಾಣುವುದನ್ನು ಬಿಡಬೇಕೆಂದು ಬರೆದರು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ಸಮಾಜದ ನೈತಿಕ ಕಟ್ಟಳೆಗೆ ಹೊಂದದಿರುವುದನ್ನೇ ಮನೋರೋಗವೆಂದು ನಿರ್ಧರಿಸಬಾರದೆಂದು ವಿಧಿಸಿತು. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಸಮ್ಮತಿಯ ಸಂಬಂಧಗಳನ್ನು 377ನೆಯ ಕಲಮಿನ ಹಿಡಿತದಿಂದ ಬಿಡಿಸಿತು.

ತೇನಿ, ದಿಂಡಿಗಲ್ ಜಿಲ್ಲೆಗಳಿಗೆ ನೆರೆಯಾದ ಮಧುರೆಯಿಂದಲೇ ಈ ಚರಿತ್ರೆಯ ಮುಂದಿನ ಘಟ್ಟವು ಮೊದಲಾಯಿತು. ಪರಸ್ಪರ ಪ್ರೀತಿಸುತ್ತಿದ್ದ ಇಬ್ಬರು ಯುವತಿಯರು ಮಧುರೆಯನ್ನು ಬಿಟ್ಟು ಚೆನ್ನೈ ಸೇರಿದರು. ತಂದೆತಾಯಿಗಳು ಪೊಲೀಸರಲ್ಲಿ ದೂರಿತ್ತರು. ಯುವತಿಯರು ರಕ್ಷಣೆ ಬೇಡಿ ಮದ್ರಾಸ್ ಉಚ್ಚ ನ್ಯಾಯಾಲಯಕ್ಕೆ ಹೋದರು. ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು ಎರಡು ಕಡೆಯವರನ್ನೂ ಆಪ್ತಸಲಹೆಗೆ ಕಳುಹಿಸಿದರು. ಯುವತಿಯರಲ್ಲಿ ಗೊಂದಲವೇನೂ ಇಲ್ಲವೆಂದೂ, ತಂದೆತಾಯಿಗಳನ್ನು ಕಾಡುತ್ತಿರುವುದು ಸಮಾಜದ ಭಯವೆಂದೂ ವರದಿ ಬಂದಿತು. ಆಗ ನ್ಯಾಯಮೂರ್ತಿಗಳು ಈ ವಿಷಯದಲ್ಲಿ ತಮಗೇ ತಿಳಿವಳಿಕೆ ಸಾಲದೆಂದು ಒಪ್ಪಿಕೊಂಡು, ಮನಶ್ಶಾಸ್ತ್ರಜ್ಞೆ ವಿದ್ಯಾ ದಿನಕರನ್ ಅವರ ಬಳಿ ತಾವೇ ಕುಳಿತು ಕಲಿತರು. ತೀರ್ಪು ಕೊಡಬೇಕಾದವರು ಶಿಷ್ಯವೃತ್ತಿಯನ್ನು ಕೈಕೊಂಡ ಈ ಪ್ರಸಂಗವು ಉಪಾಧ್ಯಾಯರಾದ ನಮಗೆ ದೊಡ್ಡ ಪಾಠವೆಂದು ನಾವು ಬಗೆಯುತ್ತೇವೆ.

2021ರ ಜೂನ್ 7ರ ಅವರ ಆಜ್ಞೆಯು ಸ್ವಭಾವವನ್ನು ಚಿಕಿತ್ಸೆಯಿಂದ ಬದಲಿಸಹೊರಡುವುದನ್ನು ನಿಷೇಧಿಸಿತು. ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಇಂತಹ ಚಿಕಿತ್ಸೆಯನ್ನು ವೃತ್ತಿದುರ್ನಡತೆಯೆಂದು ಸಾರಿತು. ಅದೇ ಆಜ್ಞೆಯಲ್ಲಿ ಶಾಲೆಗಳಿಗೂ ಮಾತುಗಳಿವೆ: ತಂದೆತಾಯಿ-ಉಪಾಧ್ಯಾಯರ ಸಂಘದ ಮೂಲಕ ಹೆತ್ತವರಿಗೆ ತಿಳಿವಳಿಕೆ ಕೊಡಬೇಕು, ಇಂತಹ ಮಕ್ಕಳ ದೂರನ್ನು ಕೇಳಬಲ್ಲ ಆಪ್ತಸಲಹೆಗಾರರಿರಬೇಕು, ಯಾರೂ ಬಳಸಬಹುದಾದ ಶೌಚಾಲಯವಿರಬೇಕು.

ಈ ಮೊಕದ್ದಮೆಯ ಮುಂದುವರಿಕೆಯಾಗಿ 2022ರ ಆಗಸ್ಟಿನಲ್ಲಿ ತಮಿಳುನಾಡು ಸರ್ಕಾರವು ಈ ಸಮುದಾಯಗಳನ್ನು ಕುರಿತ ಗೌರವದ ಪದಗಳ ಪಟ್ಟಿಯೊಂದನ್ನು ಗೆಜೆಟ್ಟಿನಲ್ಲಿ ಪ್ರಕಟಿಸಿತು. ‘ತಿರುನಂಗೈ’ ಎಂಬ ಮರ್ಯಾದೆಯ ಮಾತು ತಮಿಳಿನಲ್ಲಿ ಈ ಮೊದಲೇ ರೂಢಿಗೆ ಬಂದಿದ್ದಿತು. ನಮ್ಮ ಲೇಖನದ ಮೂಲಪ್ರಶ್ನೆ ಇಲ್ಲಿಯೇ ಇದೆ. ಕಣಿವೆಯ ಕನ್ನಡ ಮನೆಯ ಮಗು ಶಾಲೆಯಲ್ಲಿ ಮರ್ಯಾದೆಯ ತಮಿಳು ಪದವನ್ನು ಕಲಿತರೂ, ಅಟ್ಟದ ಕೆಳಗೆ ಅಜ್ಜಿಯ ಮುಂದೆ, ಅವ್ವನ ಮುಂದೆ ಅದನ್ನು ಕನ್ನಡದಲ್ಲಿ ಹೇಳಬೇಕು. ಗ್ರಂಥದ ಕನ್ನಡದಲ್ಲಿ ‘ಲಿಂಗತ್ವ ಅಲ್ಪಸಂಖ್ಯಾತ’ ಎಂಬ ಪದವಿದೆ. ಕನ್ನಡ ಲಿಪಿಯನ್ನೇ ಓದದ ಮನೆಗೆ ಅದು ಮುಟ್ಟುವುದಿಲ್ಲ. ಬೈಗುಳವಾದರೋ ಹೇಳಿಕೊಡದೆಯೇ ಎಲ್ಲ ಮನೆಗಳನ್ನೂ ಮುಟ್ಟಿರುತ್ತದೆ. ಬೈಗುಳವೊಂದೇ ಹೆಸರಾಗಿರುವ ಕಡೆ ಮಗು ತನ್ನನ್ನು ತಾನು ಬೈದುಕೊಳ್ಳದೆ ಬಾಯಿ ತೆರೆಯಲಾರದು.

ನಮ್ಮ ಹಿಂದಿನವರಲ್ಲಿ ಇದಕ್ಕೆ ಬೇಕಾದ ಮನಸ್ಸು ಇರಲಿಲ್ಲವೆಂದು ಹೇಳಲಾಗದು. ಆತ್ಮಕ್ಕೆ ಹೆಣ್ಣುಗಂಡೆಂಬ ಭೇದವಿಲ್ಲವೆಂದು ಜೇಡರ ದಾಸಿಮಯ್ಯನು ಸಾರಿದನು. ಜೋಗತಿಯರ ಪರಂಪರೆಯಿಂದ ಬಂದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು.

ಉಪಾಧ್ಯಾಯ ಬಂಧುಗಳು ಮಾಡಬಹುದಾದ ಕೆಲಸ ಸಣ್ಣದು. ಮಗು ತಾನಾಗಿ ಹೇಳುವವರೆಗೆ ಕೆದಕಿ ಕೇಳಬಾರದು. ಹೇಳಿದುದನ್ನು ಅದರ ಒಪ್ಪಿಗೆಯಿಲ್ಲದೆ ಮನೆಗೆ ಮುಟ್ಟಿಸಬಾರದು. ದೌರ್ಜನ್ಯವೋ ಪ್ರಾಣಾಪಾಯವೋ ಇದ್ದಲ್ಲಿ ಮಾತ್ರ ಕಾನೂನಿನಂತೆ ಒಡನೆಯೇ ತಿಳಿಸಬೇಕು. ಬದಲಾಗುವೆಯೆಂದು ಮಾತು ಕೊಡಬಾರದು. ನಿದ್ರೆ, ಊಟ, ಓದು ಕೆಟ್ಟಿದ್ದರೆ ವೈದ್ಯರಲ್ಲಿಗೆ ಕಳುಹಿಸಬೇಕು. ಕಳುಹಿಸುವುದು ಆ ಕಷ್ಟಕ್ಕಾಗಿ, ಸ್ವಭಾವಕ್ಕಾಗಿ ಅಲ್ಲ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ದೂರವಾಣಿ 14416ರಲ್ಲಿ ಕನ್ನಡ, ತಮಿಳು ಎರಡರಲ್ಲಿಯೂ ಮಾತನಾಡಬಹುದು. ಸಂಶೋಧಕರಾದವರು ಕಣಿವೆಯ ಮನೆಮಾತಿನಲ್ಲಿರುವ ಅಕ್ಕರೆಯ, ಮರ್ಯಾದೆಯ ಪದಗಳನ್ನು ಹಿರಿಯರಿಂದ ಕೇಳಿ ಬರೆದಿಟ್ಟರೆ ಮುಂದಿನ ಸಲಹೆಗಾರರಿಗೆ ಉಪಕಾರವಾದೀತು.

ಆ ಹುಡುಗನು ಈಗ ಎಲ್ಲಿಯೇ ಇರಲಿ, ನಲವತ್ತು ದಾಟಿರುತ್ತಾನೆ. ನಾವು ಅವನಿಗೆ ಹೇಳಬೇಕಾಗಿದ್ದ ಮಾತು, “ಕುಳಿತುಕೋ ಅಪ್ಪಾ, ಏನಾಯಿತು ಹೇಳು” ಎಂಬಷ್ಟೇ. ಅದನ್ನು ಹೇಳಲು ಯಾವ ಪಾರಿಭಾಷಿಕ ಪದವೂ ಬೇಕಾಗಿರಲಿಲ್ಲ.