ಬಳ್ಳಾರಿ ಸೀಮೆಯಲ್ಲಿ ಶಿಲ್ಪಿಗಳ ಸಂದರ್ಶನ

ಕಾರ್ಯವೊಂದನ್ನು ಒಪ್ಪಿಸುವುದಕ್ಕೆ ಮೊದಲು ಅದನ್ನು ವಹಿಸಿಕೊಳ್ಳುವವನ ಯೋಗ್ಯತೆಯನ್ನು ಅರಿಯಬೇಕೆಂಬುದು ಲೋಕರೂಢಿ. ಆ ಯೋಗ್ಯತೆಯನ್ನು ಮಾತಿನಿಂದ ಅರಿಯತಕ್ಕುದೋ, ಬರಹದಿಂದ ಅರಿಯತಕ್ಕುದೋ, ಮಾಡಿದ ಕೆಲಸದಿಂದ ಅರಿಯತಕ್ಕುದೋ ಎಂಬ ವಿಷಯದಲ್ಲಿ ಮಾತ್ರ ಕಾಲಕಾಲಕ್ಕೆ ಮತಭೇದಗಳುಂಟಾಗಿವೆ. ಇಂದು ಸಿರುಗುಪ್ಪ, ಕುರುಗೋಡುಗಳಿಂದ ಬಳ್ಳಾರಿ ನಗರಕ್ಕೆ ಬಂದು ಇಂಜಿನಿಯರಿಂಗ್ ಪದವಿಯನ್ನು ಪಡೆದ ತರುಣರು, ಉದ್ಯೋಗಸಂದರ್ಶನದ ಕೊಠಡಿಯ ಹೊರಗೆ ಸರದಿಗಾಗಿ ಕಾದು ಕುಳಿತಿರುವಾಗ, ಈ ಪರೀಕ್ಷೆಯು ತಮ್ಮ ತಲೆಮಾರಿಗೇ ಬಂದೊದಗಿದ ಸಂಕಟವೆಂದು ಭಾವಿಸುವುದು ಸಹಜ. ಆದರೆ ಈ ಸೀಮೆಯ ಚರಿತ್ರೆಯನ್ನು ನೋಡಿದರೆ ಇದು ಬಹು ಹಳೆಯ ಪ್ರಶ್ನೆಯೆಂದು ತಿಳಿದುಬರುತ್ತದೆ.

ವಿಜಯನಗರದ ಅರಸರ ಕಾಲದಲ್ಲಿ ಜಲಶಿಲ್ಪಕ್ಕೆ ವಿಶೇಷವಾದ ಮನ್ನಣೆಯಿದ್ದಿತು. ಇಂದಿನ ಕಡಪ ಜಿಲ್ಲೆಗೆ ಸೇರಿದ ಪೋರುಮಾಮಿಳ್ಳದ ೧೩೬೯ನೆಯ ಇಸವಿಯ ಶಾಸನವು ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರನು ಕೆರೆಯನ್ನು ಕಟ್ಟಿಸಿದುದನ್ನು ತಿಳಿಸುತ್ತದೆ. ಅದರಲ್ಲಿ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನು ಎಣಿಸುವಾಗ, ಜಲಶಾಸ್ತ್ರವನ್ನು ಬಲ್ಲ ವಿದ್ವಾಂಸನನ್ನೂ ಒಂದು ಅಂಗವಾಗಿ ಹೇಳಿದೆ. ೧೩೮೮ರಲ್ಲಿ ಪೆನುಗೊಂಡೆಗೆ ಹೆನ್ನೆಯ ಹೊಳೆಯ ನೀರನ್ನು ತರುವ ಕಾರ್ಯವು ಸಿಂಗಾಯಭಟ್ಟನೆಂಬ ಜಲಸೂತ್ರಜ್ಞನಿಗೆ ಒಪ್ಪಿತವಾಯಿತು. ಈತನ ಹೆಸರು ಶಾಸನದಲ್ಲಿ ಉಳಿದಿರುವುದೇ ಶಿಲ್ಪಿಗೆ ಸಂದ ಗೌರವಕ್ಕೆ ಸಾಕ್ಷಿ.

ಅರಸನಿಗೂ ಶಿಲ್ಪಿಗೂ ಎದುರೆದುರು ನಡೆದ ಮಾತುಕತೆಯ ವೃತ್ತಾಂತವೊಂದು ಪೋರ್ಚುಗೀಸ್ ಲೇಖಕನಾದ ನೂನಿಜನ ಬರಹದಲ್ಲಿ ದೊರೆಯುತ್ತದೆ. ಕೃಷ್ಣದೇವರಾಯನು ನಾಗಲಾಪುರವೆಂಬ ಹೊಸ ಪಟ್ಟಣಕ್ಕೆ, ಎಂದರೆ ಈಗಿನ ಹೊಸಪೇಟೆಗೆ, ದೊಡ್ಡದೊಂದು ಕೆರೆಯನ್ನು ಕಟ್ಟಿಸಬೇಕೆಂದು ಸಂಕಲ್ಪಿಸಿ, ಗೋವೆಯಿಂದ ಬಂದಿದ್ದ ಜೊವಾನ್ ದೆ ಲಾ ಪೊಂತೆ ಎಂಬ ಕಲ್ಲುಕೆಲಸದ ನಿಪುಣನಿಗೆ ತನ್ನ ಇಷ್ಟವನ್ನು ತಿಳಿಸಿದನಂತೆ. ಆ ಕಾರ್ಯವು ಅಸಾಧ್ಯವೆಂದು ತನಗೆ ತೋರಿದರೂ ಆತನು ಮಾಡಿಕೊಡುವುದಾಗಿ ಒಪ್ಪಿ, ಸುಣ್ಣವನ್ನು ಸಿದ್ಧಗೊಳಿಸಬೇಕೆಂದು ಕೇಳಿದನು. ಅದನ್ನು ಕೇಳಿ ಅರಸನು ಬಹಳವಾಗಿ ನಕ್ಕನು. ಈ ದೇಶದವರಿಗೆ ಮನೆ ಕಟ್ಟುವುದರಲ್ಲಿ ಸುಣ್ಣದ ಬಳಕೆ ತಿಳಿಯದೆಂಬುದು ಆ ನಗೆಗೆ ನೂನಿಜನು ಕೊಡುವ ಕಾರಣ.

ಈ ಕಾರಣವನ್ನು ಹಾಗೆಯೇ ಒಪ್ಪುವಂತಿಲ್ಲ. ಇಟ್ಟಿಗೆ, ಗಾರೆಗಳಿಂದ ರಚಿತವಾದ ಗೋಪುರಗಳು ಹಂಪೆಯಲ್ಲಿ ಇಂದಿಗೂ ನಿಂತಿವೆ. ಕೆರೆಯ ಏರಿಗೆ ಮಣ್ಣು, ಕಲ್ಲುಗಳನ್ನೇ ನಂಬಿದ್ದ ನಾಡಿನಲ್ಲಿ ಸುಣ್ಣದ ಬೇಡಿಕೆಯು ವಿಚಿತ್ರವಾಗಿ ಕಂಡಿರಬಹುದು. ಪರದೇಶದವನಿಗೆ ಅರಸನ ನಗೆಯ ಅರ್ಥವಾಗಲಿಲ್ಲ. ಅರಸನಿಗೆ ಪರದೇಶದವನ ಬೇಡಿಕೆಯ ಅರ್ಥವಾಗಲಿಲ್ಲ. ಹಗಲು ಹಾಕಿದ ಏರಿ ರಾತ್ರಿ ಕುಸಿಯುತ್ತಿತ್ತೆಂದೂ, ಮರಣದಂಡನೆಗೆ ಗುರಿಯಾಗಿದ್ದ ಸೆರೆಯಾಳುಗಳನ್ನು ಬಲಿಯಿತ್ತ ಬಳಿಕ ಕೆಲಸ ಮುಂದುವರಿಯಿತೆಂದೂ ನೂನಿಜನು ಬರೆಯುತ್ತಾನೆ. ಕಟ್ಟಕಡೆಗೆ ಕೆರೆಯು ನಿಂತು ಗದ್ದೆಗಳಿಗೆ ನೀರುಣಿಸಿತು.

೧೮೦೦ರಲ್ಲಿ ಬಳ್ಳಾರಿ ಸೀಮೆಯು ನಿಜಾಮನಿಂದ ಕಂಪನಿಯ ವಶಕ್ಕೆ ಬಂದು ಮದರಾಸು ಆಧಿಪತ್ಯಕ್ಕೆ ಸೇರಿತು. ಮದರಾಸಿನಲ್ಲಿ ೧೭೯೪ರಲ್ಲಿ ಆರಂಭವಾಗಿದ್ದ ಭೂಮಾಪನದ ಶಾಲೆಯು ೧೮೫೯ರಲ್ಲಿ ಇಂಜಿನಿಯರಿಂಗ್ ಕಾಲೇಜಾಗಿ, ಮುಂದೆ ಗಿಂಡಿಯ ಕಾಲೇಜೆಂದು ಖ್ಯಾತವಾಯಿತು. ಇಷ್ಟಾದರೂ ಮೇಲಣ ಹುದ್ದೆಗಳಲ್ಲಿ ಅನೇಕವು ಇಂಗ್ಲೆಂಡಿನ ಕೂಪರ್ಸ್ ಹಿಲ್ ಕಾಲೇಜಿನವರ ಪಾಲಾದುವು. ಲಿಖಿತ ಪರೀಕ್ಷೆಯು ಬಡವರ ಮಕ್ಕಳಿಗೆ ಹೇಗೆ ಆಸರೆಯಾಯಿತೆಂಬುದಕ್ಕೆ ವಿಶ್ವೇಶ್ವರಯ್ಯನವರೇ ನಿದರ್ಶನ. ೧೮೮೩ರಲ್ಲಿ ಪುಣೆಯಲ್ಲಿ ಪರೀಕ್ಷೆಯನ್ನು ಪ್ರಥಮಸ್ಥಾನದಲ್ಲಿ ಮುಗಿಸಿದ ಅವರನ್ನು ಮುಂಬಯಿ ಸರ್ಕಾರವು ಮರುವರ್ಷವೇ ಸಹಾಯಕ ಇಂಜಿನಿಯರರನ್ನಾಗಿ ನಿಯಮಿಸಿತು. ೧೯೩೦ರಲ್ಲಿ ಮದರಾಸಿನಲ್ಲಿ ಸೇವಾ ಆಯೋಗವು ಏರ್ಪಟ್ಟಿತು. ಪ್ರಾಂತಗಳ ಆಯೋಗಗಳಲ್ಲಿ ಇದೇ ಮೊದಲನೆಯದು. ತುಂಗಭದ್ರೆಯ ಅಣೆಕಟ್ಟಿಗೆ ೧೯೪೫ರ ಫೆಬ್ರವರಿ ೨೮ರಂದು ಶಂಕುಸ್ಥಾಪನೆಯಾಯಿತು. ಆ ನೀರಿನಿಂದ ಸಿರುಗುಪ್ಪದ ಕಡೆ ಬತ್ತದ ಗದ್ದೆಗಳು ವಿಸ್ತರಿಸಿದುವು.

ಬಳ್ಳಾರಿಯು ೧೯೫೩ರ ಅಕ್ಟೋಬರ್ ೧ರಂದು ಮೈಸೂರು ರಾಜ್ಯಕ್ಕೆ ಸೇರಿತು. ಹತ್ತು ವರ್ಷಗಳ ತರುವಾಯ ಆ ರಾಜ್ಯದಲ್ಲಿ ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಪ್ರವೇಶಕ್ಕೇ ಸಂದರ್ಶನವನ್ನು ವಿಧಿಸಿ, ಐಚ್ಛಿಕ ವಿಷಯಗಳ ಗರಿಷ್ಠಾಂಕಗಳ ಶೇಕಡ ೨೫ರಷ್ಟನ್ನು ಅದಕ್ಕೆ ಮೀಸಲಿಟ್ಟರು. ಈ ವಿಷಯವಾಗಿ ಹೂಡಿದ ಚಿತ್ರಲೇಖಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೬೪ರಲ್ಲಿ ಸಂದರ್ಶನವಿಧಾನವನ್ನು ಎತ್ತಿಹಿಡಿಯಿತು. ಆದರೆ ೧೯೮೧ರಲ್ಲಿ, ಶ್ರೀನಗರದ ಇಂಜಿನಿಯರಿಂಗ್ ಕಾಲೇಜಿನ ಪ್ರವೇಶಕ್ಕೆ ಸಂಬಂಧಿಸಿದ ಅಜಯ್ ಹಾಸಿಯಾ ಮೊಕದ್ದಮೆಯಲ್ಲಿ, ಎರಡು ಮೂರು ನಿಮಿಷಗಳಲ್ಲಿ ಮುಗಿದ ಸಂದರ್ಶನಗಳನ್ನು ಅದೇ ನ್ಯಾಯಾಲಯವು ಆಕ್ಷೇಪಿಸಿ, ಮೌಖಿಕಕ್ಕೆ ಶೇಕಡ ೧೫ಕ್ಕೆ ಮೀರಿದ ಅಂಕಗಳು ಸಲ್ಲವೆಂದಿತು. ೨೦೧೬ರಿಂದ ಕೇಂದ್ರ ಸರ್ಕಾರದ ಕೆಳಗಣ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಡಲಾಯಿತು.

ಬಳ್ಳಾರಿಯಲ್ಲಿ ೧೯೮೦ರಲ್ಲಿ ವೀರಶೈವ ವಿದ್ಯಾವರ್ಧಕ ಸಂಘದವರ ಇಂಜಿನಿಯರಿಂಗ್ ಕಾಲೇಜು ಸ್ಥಾಪಿತವಾದ ಮೇಲೆ, ಈ ವಿದ್ಯೆಗಾಗಿ ದೂರದೂರುಗಳಿಗೆ ಹೋಗಬೇಕಾದ ಕಷ್ಟವು ಕಡಮೆಯಾಯಿತು. ಆದರೆ ಖಾಸಗಿ ಉದ್ಯಮಗಳ ಆಯ್ಕೆಯಲ್ಲಿ ಮೌಖಿಕದ ಪ್ರಾಬಲ್ಯವು ಹಾಗೆಯೇ ಇದೆ. ಮೊದಲು ಲಿಖಿತ ಪರೀಕ್ಷೆ, ಆ ಮೇಲೆ ತಾಂತ್ರಿಕ ಸಂದರ್ಶನ, ಕಡೆಗೆ ನಡೆನುಡಿಗಳ ವಿಚಾರಣೆ. ಇವೆಲ್ಲವೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಕಾಂಕ್ರೀಟಿಗೆ ಏಳು ದಿನ ನೀರುಣಿಸುವುದೇಕೆಂದು ಕೇಳಿದರೆ, ಒದ್ದೆ ಗೋಣಿತಟ್ಟುಗಳನ್ನು ಹೊದಿಸಿದ ತಾರಸಿಯನ್ನು ಬಾಲ್ಯದಿಂದ ಕಂಡ ಗೌಂಡಿಯ ಮಗನು ಕನ್ನಡದಲ್ಲಿ ಕಾರಣವನ್ನು ಸ್ಪಷ್ಟವಾಗಿ ಹೇಳಬಲ್ಲನು. ಇಂಗ್ಲಿಷಿನಲ್ಲಿ ಅವನ ನಾಲಗೆ ತೊಡರುತ್ತದೆ. ಅವನಿಗೆ ಆ ಭಾಷೆಯ ಅಭ್ಯಾಸವು ಬೇಕೆಂಬುದು ನಿಜ. ಕಾಲೇಜುಗಳು ಅದನ್ನು ಮೊದಲ ವರ್ಷದಿಂದಲೇ ಮಾಡಿಸಬೇಕು. ಆದರೆ ತೊಡರಿದ ನಾಲಗೆಯನ್ನು ಅಜ್ಞಾನವೆಂದು ಬಗೆದರೆ ನಷ್ಟವು ಅವನೊಬ್ಬನದಲ್ಲ.

ಸಂದರ್ಶನವೆಂದರೆ ಚೆನ್ನಾಗಿ ಕಾಣುವುದು ಎಂದು ಪದದ ಅರ್ಥ. ಕಾಣುವ ಹೊಣೆಯು ಕೇಳುವವನ ಮೇಲಿದೆ. ಅರಸನು ನಕ್ಕರೂ ಜೊವಾನನನ್ನು ಹೊರಗಟ್ಟಲಿಲ್ಲ. ನಗೆಪಾಟಲಾಗಿ ಮನೆಗೆ ಹಿಂದಿರುಗಿದ ಮಗನಿಗೆ ಸಿರುಗುಪ್ಪದ ತಾಯ್ತಂದೆಗಳು ಈ ಕಥೆಯನ್ನು ಹೇಳಬಹುದು; ಮತ್ತೊಂದು ಸಂದರ್ಶನಕ್ಕೆ ಅವನನ್ನು ಕಳುಹಿಸಲೂಬಹುದು.