ಉಂಬಳಿಯಿಂದ ಗೇಣಿಗೆ

ಮನೆಯ ಮೂಲೆಯಲ್ಲಿ ದೀಪ ಮಿಟುಕಿಸುತ್ತ ಕುಳಿತಿರುವ ರೌಟರೆಂಬ ಪೆಟ್ಟಿಗೆಯು, ಮೊಬೈಲಾಗಲಿ ಲ್ಯಾಪ್‌ಟಾಪಾಗಲಿ ಹೊಸ್ತಿಲೊಳಗೆ ಬಂದೊಡನೆ ಅದಕ್ಕೊಂದು ಐಪಿ ವಿಳಾಸವನ್ನು ನಿಯತ ಕಾಲಕ್ಕೆ ಗೇಣಿಗಿತ್ತು, ಅವಧಿ ತೀರಿದರೆ ಹಿಂದೆಗೆದುಕೊಳ್ಳುವ ಶಾನುಭೋಗಿಕೆಯನ್ನು ನಿಶ್ಶಬ್ದವಾಗಿ ನಡೆಸುತ್ತಿದೆ. ಆದರೆ ಆದಿಯಲ್ಲಿ ಈ ಅಂಕಗಳು, ನಮ್ಮ ಶಾಸನಗಳು ಆಚಂದ್ರಾರ್ಕವಾಗಿ ಬಿಟ್ಟ ಭೂಮಿಯಂತೆ, ಉಂಬಳಿಗಳೇ ಆಗಿದ್ದುವು.

ಯಾವ ಅಂಕ ಯಾರದೆಂಬ ಕಡತವನ್ನು ಕಾಯುತ್ತಿದ್ದವರು ಕ್ಯಾಲಿಫೋರ್ನಿಯದ ಜಾನ್ ಪೊಸ್ಟೆಲ್. 1981ರ ಸೆಪ್ಟೆಂಬರಿನಲ್ಲಿ ಅವರು ಪ್ರಕಟಿಸಿದ ಪಟ್ಟಿಯಲ್ಲಿ 10 ಎಂಬ ಅಂಕ ಇಂಟರ್ನೆಟ್ಟಿನ ಪೂರ್ವಜವಾದ ಅರ್ಪಾನೆಟ್ಟಿಗೂ 18 ಎಂಬುದು ಎಂಐಟಿಗೂ ಸಂದಿದ್ದುವು; ಅಂಥ ಒಂದೊಂದು ಅಂಕದ ಬೆನ್ನಿಗೂ 1,67,77,216 ವಿಳಾಸಗಳು! ಜಗತ್ತಿಗೆಲ್ಲ ಇದ್ದುದೇ ಸುಮಾರು 429 ಕೋಟಿಯೆಂಬುದನ್ನು ನೆನೆದರೆ ಆ ಔದಾರ್ಯಕ್ಕೆ ಬೆರಗಾಗಬೇಕು. ಸ್ಟ್ಯಾನ್‌ಫರ್ಡ್ ತನ್ನ 36ನ್ನು 2000ದಲ್ಲಿ ಮರಳಿ ಒಪ್ಪಿಸಿತು. ಉಂಬಳಿ ಬಿಟ್ಟುಕೊಟ್ಟವರು ಎಲ್ಲ ಕಾಲಕ್ಕೂ ವಿರಳ.

1985ರ ಬೂಟ್‌ಪಿ ಎಂಬ ನಿಯಮಾವಳಿ, ಡಿಸ್ಕಿಲ್ಲದ ಯಂತ್ರಗಳಿಗೆ ವಿಳಾಸವನ್ನು ತಿಳಿಸುತ್ತಿತ್ತಾದರೂ, ಯಾವ ಯಂತ್ರಕ್ಕೆ ಯಾವುದೆಂಬುದನ್ನು ಮನುಷ್ಯನೊಬ್ಬನು ಮುಂಚಿತವಾಗಿ ಬರೆದಿಡಬೇಕಾಗಿತ್ತು. ಇಂದು ಇಲ್ಲಿ, ನಾಳೆ ಅಲ್ಲಿ ಇರುವ ಯಂತ್ರಗಳಿಗೆ ಅದು ಒದಗದು. ಆಗ ಬಕ್‌ನೆಲ್ ವಿಶ್ವವಿದ್ಯಾಲಯದ ರಾಲ್ಫ್ ಡ್ರೋಮ್ಸ್ 1993ರ ಅಕ್ಟೋಬರಿನಲ್ಲಿ ಪ್ರಕಟಿಸಿದ ಡಿಎಚ್‌ಸಿಪಿ ಎಂಬ ನಿಯಮಾವಳಿಯಲ್ಲಿ ಗೇಣಿಯ ಕಲ್ಪನೆ ಬಂದಿತು. ಹೊಸದಾಗಿ ಬಂದ ಯಂತ್ರವು, ವಿಳಾಸ ಹಂಚುವ ಒಡೆಯನು ಎಲ್ಲಿರುವನೆಂದು ತಿಳಿಯದುದರಿಂದ, ಎಲ್ಲರಿಗೂ ಕೇಳುವಂತೆ ಕೂಗುವುದು, ಒಡೆಯನು ಒಂದಂಕವನ್ನು ಮುಂದಿಡುವನು, ಯಂತ್ರ ಅದನ್ನೇ ಬೇಡುವುದು, ಒಡೆಯ ಸಮ್ಮತಿಸುವನು. ಅವಧಿ ಅರ್ಧ ಕಳೆಯುತ್ತಲೇ ಜಾಣ ಗೇಣಿದಾರನಂತೆ ಯಂತ್ರ ನವೀಕರಣಕ್ಕೆ ಮೊರೆಯಿಡುವುದು.

ಗೇಣಿಯೊಂದರಿಂದಲೇ ಮನೆಮನೆಗೂ ಅಂಕ ಸಾಲುತ್ತಿರಲಿಲ್ಲ. 1994ರಲ್ಲಿ ಕೆಲವು ಅಂಕಗಳನ್ನು ಖಾಸಗಿ ಜಾಲಗಳಿಗೆಂದು ಬಿಟ್ಟುಕೊಡಲಾಯಿತು. ಅದೇ ವರ್ಷ ಅನೇಕ ಯಂತ್ರಗಳನ್ನು ಕೆಲವೇ ಸಾರ್ವಜನಿಕ ವಿಳಾಸಗಳ ಮರೆಯಲ್ಲಿ ನಿಲ್ಲಿಸುವ ನ್ಯಾಟ್ ವಿಧಾನದ ವಿವರಣೆಯೂ ಹೊರಬಂದಿತು. 1990ರಲ್ಲಿ ನಿಂತುಹೋದ ಅರ್ಪಾನೆಟ್ಟಿನ 10, ಪಾಳುಬಿದ್ದ ಅಗ್ರಹಾರದ ನೆಲ ಗೋಮಾಳವಾದಂತೆ, ಸರ್ವರ ಸೊತ್ತಾಯಿತು. ಮನೆಗಳಲ್ಲಿ ಹೆಚ್ಚಾಗಿ ಕಾಣುವ 192.168 ಎಂಬ 65,536 ವಿಳಾಸಗಳ ಹೊಲವೂ ಆಗಿನದೇ.

ರೌಟರನ್ನು ಆರಿಸಿ ಹೊತ್ತಿಸಿದಾಗಲೆಲ್ಲ ವಿಳಾಸ ಬದಲಾಗಿ ನನ್ನ ಪ್ರಿಂಟರು ಕಣ್ಮರೆಯಾಗುತ್ತಿದ್ದುದರಿಂದ, ಅದರ ಗುರುತಾದ ಮ್ಯಾಕ್ ಸಂಖ್ಯೆಯೆದುರಿಗೆ ಒಂದಂಕವನ್ನು ಕಾಯ್ದಿರಿಸಿ, ಅದೊಂದಕ್ಕೆ ಮಾತ್ರ ಉಂಬಳಿ ಬರೆದುಕೊಟ್ಟಿದ್ದೇನೆ.