ಗಾಳಿ ಎಂಜಿನಿಯರಿಂಗ್: ಕರ್ನಾಟಕ ಮತ್ತು ಬೀದರ್ ಸೀಮೆ

ನೆಲಕ್ಕೆ ಹತ್ತಿರದ ಗಾಳಿಯನ್ನು ಅಳೆದು, ಅದು ಕಟ್ಟಡ, ಸೇತುವೆ, ಚಿಮಣಿ, ಗೋಪುರಗಳ ಮೇಲೆ ಹೇರುವ ಭಾರವನ್ನೂ ಅದರಿಂದ ಪಡೆಯಬಹುದಾದ ಶಕ್ತಿಯನ್ನೂ ಲೆಕ್ಕ ಹಾಕುವ ಶಾಸ್ತ್ರ ಗಾಳಿ ಎಂಜಿನಿಯರಿಂಗ್. ಎತ್ತರದ ಕಟ್ಟಡ ಕಟ್ಟುವವರಿಗೆ ಗಾಳಿ ತಡೆಯಬೇಕಾದ ಹೊರೆ, ಗಾಳಿಯಂತ್ರ ನಿಲ್ಲಿಸುವವರಿಗೆ ಅದೇ ಬಂಡವಾಳ. ಎರಡು ಲೆಕ್ಕಗಳ ಬುಡವೂ ಒಂದೇ: ನೆಲದ ಒರಟುತನ ಗಾಳಿಯನ್ನು ತಡೆಯುತ್ತದೆ, ಮೇಲೇರಿದಂತೆ ಆ ತಡೆ ಸಡಿಲಗೊಂಡು ವೇಗ ಹೆಚ್ಚುತ್ತದೆ. ಒತ್ತಡ ವೇಗದ ವರ್ಗಕ್ಕೆ, ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಬಯಲುನೆಲಕ್ಕೆ ಬಳಸುವ ಏಳನೇ ಒಂದರ ಘಾತಸೂತ್ರದ ಪ್ರಕಾರ, 10 ಮೀಟರ್ ಎತ್ತರದಲ್ಲಿರುವ ವೇಗ 120 ಮೀಟರ್‌ನಲ್ಲಿ ಸುಮಾರು 1.4 ಪಟ್ಟಾಗುತ್ತದೆ, ಒತ್ತಡ ಎರಡು ಪಟ್ಟು, ಶಕ್ತಿ ಹೆಚ್ಚುಕಡಿಮೆ ಮೂರು ಪಟ್ಟು. ಕರ್ನಾಟಕದಲ್ಲಿ ಈ ಶಾಸ್ತ್ರ ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ಬೇರೂರಿತು. ಅಳತೆಯ ಎತ್ತರ ಏರುತ್ತ ಹೋದಂತೆ ಬೀದರ್, ಭಾಲ್ಕಿ, ಔರಾದ್‌ಗಳಂಥ ಬಯಲು ಪ್ರಸ್ಥಭೂಮಿಗಳ ಗಾಳಿಗೂ ಬೆಲೆ ಬಂದಿತು.

ನೆಲದ ರೂಪ

ಬೀದರ್ ನಗರ ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಎತ್ತರದ ಜಂಬಿಟ್ಟಿಗೆ ಪ್ರಸ್ಥಭೂಮಿಯ ಅಂಚಿನಲ್ಲಿದೆ. ಅದರಾಚೆ ನೆಲ ಮಾಂಜ್ರಾ ನದಿಯ ಕಡೆಗೆ ಇಳಿಯುತ್ತದೆ. ಭಾಲ್ಕಿಯಲ್ಲೂ, ರಾಜ್ಯದ ಉತ್ತರದ ತುದಿಯಾದ ಔರಾದ್‌ನಲ್ಲೂ ಹೆಚ್ಚಾಗಿ ತೊಗರಿ, ಸೋಯಾ, ಉದ್ದು, ಜೋಳ ಬೆಳೆಯುವ ತೆರೆದ ಹೊಲಗಳಿವೆ. ಗಾಳಿಯ ಲೆಕ್ಕದಲ್ಲಿ ಪೇಟೆ ಮತ್ತು ಬಯಲು ಎರಡು ಬಗೆಯ ನೆಲಗಳು. ಮನೆ, ಗಿಡಮರಗಳು ಒತ್ತಾಗಿರುವ ಪೇಟೆಯ ಮೇಲೆ ಗಾಳಿ ನಿಧಾನಗೊಂಡು ಸುಳಿಯೊಡೆಯುತ್ತದೆ. ಬಯಲಿನ ಮೇಲೆ ಸರಾಗವಾಗಿ ಹರಿಯುತ್ತದೆ. ಪ್ರಸ್ಥಭೂಮಿಯ ಅಂಚಿನದು ಮೂರನೆಯ ಪ್ರಕರಣ. ಇಳಿಜಾರನ್ನೇರಿ ಬರುವ ಗಾಳಿ ಅಂಚಿನಲ್ಲಿ ಒತ್ತಿಕೊಂಡು ವೇಗ ಪಡೆಯುತ್ತದೆ.

ಇಲ್ಲಿ ಗಾಳಿ ಋತುಬದ್ಧ. ಮುಂಗಾರಿನಲ್ಲಿ, ಜನ ಆಷಾಢದ ಗಾಳಿ ಎನ್ನುವ ಹೊತ್ತಿಗೆ, ಪಶ್ಚಿಮದ ಕಡೆಯಿಂದ ಬೀಸುವ ಗಾಳಿ ವರ್ಷದಲ್ಲೇ ಜೋರು. ಹಿಂಗಾರು ಮುಗಿದು ಚಳಿ ಬಿದ್ದ ಮೇಲೆ ಅದು ಸೊರಗುತ್ತದೆ. ಎತ್ತರದ ನೆಲವಾದ್ದರಿಂದ ಗಾಳಿಯ ಸಾಂದ್ರತೆ ಕರಾವಳಿಗಿಂತ ಶೇ. 6ರಷ್ಟು ಕಡಿಮೆ, ಬೇಸಿಗೆಯ ಸೆಕೆಯಲ್ಲಿ ಇನ್ನೂ ಕಡಿಮೆ. ಹಾಗಾಗಿ ವೇಗ ಒಂದೇ ಇದ್ದರೂ ಇಲ್ಲಿನ ಯಂತ್ರಕ್ಕೆ ಸಿಗುವ ಶಕ್ತಿ ಕಡಲತೀರದ ಯಂತ್ರಕ್ಕಿಂತ ಅಷ್ಟರಮಟ್ಟಿಗೆ ಕುಗ್ಗುತ್ತದೆ.

ಶಾಸ್ತ್ರಕ್ಕೆ ಮುಂಚಿನ ಕಾಲ

ಎತ್ತರಕ್ಕೂ ಗಾಳಿಗೂ ಇರುವ ನಂಟನ್ನು ರೈತರು ಕಣದಲ್ಲೇ ಕಂಡುಕೊಂಡಿದ್ದರು. ರಾಶಿ ತೂರುವವರು ನೆಲದ ಮೇಲೆ ನಿಲ್ಲದೆ ಎತ್ತರದ ಮಣೆಯನ್ನೇರಿ ಮೊರ ಹಿಡಿಯುತ್ತಿದ್ದುದಕ್ಕೆ, ಕಾಳು ಬೀಳುವ ದೂರ ಹೆಚ್ಚಲಿ ಎಂಬುದರ ಜೊತೆಗೆ ಗಾಳಿ ಚೆನ್ನಾಗಿ ಸಿಗಲಿ ಎಂಬುದೂ ಕಾರಣ.

ಕಟ್ಟಡದ ಮಾತಿಗೆ ಬಂದರೆ, 15ನೇ ಶತಮಾನದಲ್ಲಿ ಬಹಮನಿ ಅರಸರು ಕಲಬುರಗಿಯಿಂದ ರಾಜಧಾನಿಯನ್ನು ಬೀದರ್‌ಗೆ ತಂದ ಮೇಲೆ ಇಲ್ಲಿ ಎತ್ತರದ ರಚನೆಗಳು ಎದ್ದವು. 1472ರಲ್ಲಿ ಮುಗಿದ ಮಹಮೂದ್ ಗವಾನ್ ಮದರಸಾದ ಮುಂಭಾಗದಲ್ಲಿ ಸುಮಾರು 40 ಮೀಟರ್ ಎತ್ತರದ ಎರಡು ಮಿನಾರುಗಳಿದ್ದವು. 17ನೇ ಶತಮಾನದ ಕೊನೆಯಲ್ಲಿ ಅಲ್ಲಿದ್ದ ಸಿಡಿಮದ್ದು ಸ್ಫೋಟಗೊಂಡು ಒಂದು ಮಿನಾರೂ ಕಟ್ಟಡದ ಒಂದು ಮೂಲೆಯೂ ಉರುಳಿದವು. ಇನ್ನೊಂದು ಇಂದಿಗೂ ನಿಂತಿದೆ. ಪೇಟೆಯ ನಡುವಿನ ಚೌಬಾರಾ 71 ಅಡಿಯ ದುಂಡು ಗೋಪುರ.

ಈ ರಚನೆಗಳು ಗಾಳಿಯನ್ನು ಎದುರಿಸುವುದು ತೂಕದಿಂದ. ದಪ್ಪ ಗೋಡೆಯ ಭಾರ ಗಾಳಿಯ ತಳ್ಳಾಟವನ್ನು ಮೀರಿಸುತ್ತದೆ, ಮೇಲೇರಿದಂತೆ ಕಿರಿದಾಗುವ ಆಕಾರ ಗಾಳಿ ಜೋರಾಗಿರುವ ಕಡೆಯಲ್ಲೇ ಅದಕ್ಕೆ ಒಡ್ಡುವ ಮೈಯನ್ನು ಕಡಿಮೆ ಮಾಡುತ್ತದೆ, ದುಂಡು ಮೈಯ ಮೇಲೆ ಗಾಳಿಯ ಎಳೆತ ಚಪ್ಪಟೆ ಗೋಡೆಗಿಂತ ಕಡಿಮೆ. ಉಕ್ಕು, ಕಾಂಕ್ರೀಟಿನಿಂದ ಹಗುರವಾಗಿ ಎತ್ತರಕ್ಕೆ ಕಟ್ಟತೊಡಗಿದ ಮೇಲೆ ತೂಕದ ಈ ಆಸರೆ ತಪ್ಪಿತು.

ಜಗತ್ತಿನ ಪಾಠಗಳು

1879ರಲ್ಲಿ ಸ್ಕಾಟ್ಲೆಂಡಿನ ಟೇ ಸೇತುವೆ ಬಿರುಗಾಳಿಗೆ ಕುಸಿದು, ಮೇಲೆ ಸಾಗುತ್ತಿದ್ದ ರೈಲೂ ನೀರುಪಾಲಾಯಿತು. ಗಾಳಿಯ ಭಾರವನ್ನು ಅಂದಾಜಿಗೆ ಬಿಡಬಾರದೆಂದು ಎಂಜಿನಿಯರುಗಳು ಎಚ್ಚೆತ್ತರು. 1940ರಲ್ಲಿ ಅಮೆರಿಕದ ಟಕೋಮಾ ನ್ಯಾರೋಸ್ ಸೇತುವೆ ಸಾಧಾರಣ ಗಾಳಿಗೇ ತೂಗಾಡಿ ಮುರಿದುಬಿದ್ದಾಗ ಇನ್ನೊಂದು ಸಂಗತಿ ಹೊರಬಿತ್ತು: ಗಾಳಿಯ ಬಲ ಎಷ್ಟು ಎನ್ನುವುದೊಂದೇ ಪ್ರಶ್ನೆಯಲ್ಲ, ಅದಕ್ಕೆ ರಚನೆ ಹೇಗೆ ಅಲುಗುತ್ತದೆ ಎನ್ನುವುದೂ ಮುಖ್ಯ. ಎತ್ತರದ ಕಟ್ಟಡದ ಎರಡು ಬದಿಗಳಿಂದ ಸರದಿಯಂತೆ ಕಳಚಿಕೊಳ್ಳುವ ಸುಳಿಗಳು ಅದನ್ನು ಗಾಳಿಗೆ ಅಡ್ಡಲಾಗಿ ತೂಗುತ್ತವೆ. ಆ ಲಯ ಕಟ್ಟಡದ ಸಹಜ ಕಂಪನಕ್ಕೆ ಕೂಡಿಬಂದರೆ ಓಲಾಟ ಬಲಿಯುತ್ತದೆ. 1960ರ ದಶಕದಲ್ಲಿ ನ್ಯೂಯಾರ್ಕಿನ ವಿಶ್ವ ವ್ಯಾಪಾರ ಕೇಂದ್ರದ ಗೋಪುರಗಳಿಗಾಗಿ ಕೆನಡಾದ ಅಲನ್ ಡೇವನ್‌ಪೋರ್ಟ್ ಮತ್ತು ಅಮೆರಿಕದ ಜ್ಯಾಕ್ ಸೆರ್ಮಾಕ್ ಮಾದರಿಗಳನ್ನು ಗಾಳಿ ಸುರಂಗದಲ್ಲಿಟ್ಟು ಪರೀಕ್ಷಿಸಿದರು. ನೆಲದ ಒರಟುತನವನ್ನೂ ಸುರಂಗದೊಳಗೆ ಅನುಕರಿಸುವ ಈ ವಿಧಾನ ಆಧುನಿಕ ಗಾಳಿ ಎಂಜಿನಿಯರಿಂಗಿನ ಅಡಿಪಾಯವಾಯಿತು.

ಬೆಂಗಳೂರಿನ ಪ್ರಯೋಗಾಲಯಗಳು

ಕರ್ನಾಟಕದಲ್ಲಿ ಈ ವಿದ್ಯೆ ವಿಮಾನಶಾಸ್ತ್ರದ ಬೆನ್ನಲ್ಲಿ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲಿ ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ವಿಮಾನಶಾಸ್ತ್ರ ವಿಭಾಗ ಶುರುವಾಯಿತು. ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್ ಅವರ ಶಿಷ್ಯ ಆಸ್ಕರ್ ಟೀಟ್‌ಯೆನ್ಸ್ ಅವರ ಕಾಲದಲ್ಲಿ ರೂಪುಗೊಂಡು 1959ರಲ್ಲಿ ಕೆಲಸ ಆರಂಭಿಸಿದ ತೆರೆದ ಸುತ್ತಿನ ಗಾಳಿ ಸುರಂಗದ ಪರೀಕ್ಷಾ ಭಾಗ 14 ಅಡಿ ಅಗಲ, 9 ಅಡಿ ಎತ್ತರದ್ದು. ವಿಮಾನಗಳಿಗಾಗಿ ಕಟ್ಟಿದ ಈ ಸುರಂಗದಲ್ಲಿ ಮುಂದೆ ಕಟ್ಟಡ, ಸೇತುವೆಗಳ ಮಾದರಿಗಳೂ ಪರೀಕ್ಷೆಗೆ ಬಂದವು.

ಇದೇ ಹೊತ್ತಿಗೆ ಗಾಳಿಯಿಂದ ಕೆಲಸ ಮಾಡಿಸುವ ಯತ್ನವೂ ನಡೆದಿತ್ತು. ರಾಷ್ಟ್ರೀಯ ವಿಮಾನಶಾಸ್ತ್ರ ಪ್ರಯೋಗಾಲಯ, ಅಂದರೆ ಎನ್‌ಎಎಲ್, 1960ರ ದಶಕದಲ್ಲಿ ಡಬ್ಲ್ಯುಪಿ-2 ಎಂಬ 12 ರೆಕ್ಕೆಗಳ ಗಾಳಿಯಂತ್ರವನ್ನು ಬಾವಿಯಿಂದ ನೀರೆತ್ತಲು ರೂಪಿಸಿತು. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ವಿಜ್ಞಾನ ಸಂಸ್ಥೆಯ ಎಸ್. ಪಿ. ಗೋವಿಂದರಾಜು ಮತ್ತು ರೊದ್ದಂ ನರಸಿಂಹ ಬಟ್ಟೆಯ ಹಾಯಿ ಕಟ್ಟಿದ ಅಗ್ಗದ ನೀರೆತ್ತುವ ಯಂತ್ರವನ್ನು ಮಾಡಿದರು. ಆದರೆ ಹಳ್ಳಿಗಳಿಗೆ ವಿದ್ಯುತ್ ಪಂಪ್‌ಸೆಟ್ ಹಬ್ಬಿದಂತೆ ನೀರೆತ್ತುವ ಗಾಳಿಯಂತ್ರಗಳಿಗೆ ಬೇಡಿಕೆ ಉಳಿಯಲಿಲ್ಲ. 1990ರಲ್ಲಿ ನಡೆದ ಮಾಂಟ್‌ಬ್ಲೆಕ್ಸ್ ಎಂಬ ಮುಂಗಾರು ಪ್ರಯೋಗದಲ್ಲಿ ನರಸಿಂಹ ಮತ್ತು ಸಂಗಡಿಗರು ದೇಶದ ನಾಲ್ಕು ಕಡೆ 30 ಮೀಟರ್ ಗೋಪುರಗಳನ್ನು ನೆಟ್ಟು, ಎತ್ತರದೊಂದಿಗೆ ಗಾಳಿ ಬದಲಾಗುವ ಬಗೆಯನ್ನು ದಾಖಲಿಸಿದರು.

ಸಂಹಿತೆಯ ಬೆಳವಣಿಗೆ

ಊರಿನ ಎಂಜಿನಿಯರಿಗೆ ಈ ಸಂಶೋಧನೆ ತಲುಪುವುದು ಐಎಸ್ 875 ಎಂಬ ಭಾರತೀಯ ಮಾನಕದ ಮೂಲಕ. 1964ರ ಪರಿಷ್ಕರಣೆಯ ನಕ್ಷೆ ಗಾಳಿಯ ಒತ್ತಡವನ್ನು ನೇರವಾಗಿ ಕೊಡುತ್ತಿತ್ತು. 1987ರಲ್ಲಿ ಗಾಳಿಭಾರ ಅದರ ಮೂರನೇ ಭಾಗವಾಗಿ ಬೇರ್ಪಟ್ಟಾಗ ನಕ್ಷೆ ವೇಗಕ್ಕೆ ತಿರುಗಿತು: ನೆಲದಿಂದ 10 ಮೀಟರ್ ಎತ್ತರದಲ್ಲಿ, 50 ವರ್ಷಕ್ಕೊಮ್ಮೆ ನಿರೀಕ್ಷಿಸಬಹುದಾದ, 3 ಸೆಕೆಂಡಿನ ಬೀಸು. ದೇಶವನ್ನು ಸೆಕೆಂಡಿಗೆ 33ರಿಂದ 55 ಮೀಟರ್‌ವರೆಗಿನ ಆರು ವಲಯಗಳಾಗಿ ವಿಂಗಡಿಸಲಾಯಿತು. ಅದರಲ್ಲಿ ಬೆಂಗಳೂರಿಗೆ 33, ಮಂಗಳೂರಿಗೆ 39, ಬೀದರ್‌ಗೆ ಸಮೀಪದ ದೊಡ್ಡ ನಗರವಾದ ಹೈದರಾಬಾದಿಗೆ 44 ಮೀಟರ್. ಒಂದೇ ನಕಾಶೆಯ ಕಟ್ಟಡ ಬೆಂಗಳೂರಿಗಿಂತ ಹೈದರಾಬಾದಿನಲ್ಲಿ ಸುಮಾರು 1.8 ಪಟ್ಟು ಒತ್ತಡಕ್ಕೆ ನಿಲ್ಲಬೇಕು. ಬೆಂಗಳೂರಿನ ರೂಢಿಯನ್ನು ಹಾಗೇ ಉತ್ತರದ ಜಿಲ್ಲೆಗಳಿಗೆ ಒಯ್ಯುವಂತಿಲ್ಲ ಎಂಬುದಕ್ಕೆ ಈ ಲೆಕ್ಕ ಸಾಕು.

ಮೂಲ ವೇಗವನ್ನು ಕಟ್ಟಡದ ಆಯುಸ್ಸು, ನೆಲದ ಒರಟುತನ ಮತ್ತು ಎತ್ತರ, ಭೂರೂಪ ಇವುಗಳ ಗುಣಕಗಳಿಂದ ತಿದ್ದಬೇಕು. ಭೂರೂಪದ ಗುಣಕ ಬಯಲಿಗೆ 1. ಕಡಿದಾದ ಅಂಚು, ಗುಡ್ಡದ ನೆತ್ತಿಗಳಲ್ಲಿ 1.36ರವರೆಗೆ ಏರಬಹುದು, ಅಂದರೆ ಒತ್ತಡ ಶೇ. 85ರಷ್ಟು ಹೆಚ್ಚಬಹುದು. ಬೀದರ್‌ನ ಪ್ರಸ್ಥಭೂಮಿಯ ಅಂಚಿನಲ್ಲಿ ಕಟ್ಟುವ ನೀರಿನ ಟ್ಯಾಂಕು, ಮೊಬೈಲ್ ಟವರು, ಬಹುಮಹಡಿ ಮನೆಗಳಿಗೆ ಇದನ್ನು ಪರಿಶೀಲಿಸಲೇಬೇಕು. ಎತ್ತರ ಕಿರಿದಾದ ಬದಿಯ 5 ಪಟ್ಟು ಮೀರಿದರೆ ಅಥವಾ ಸಹಜ ಕಂಪನ ಸೆಕೆಂಡಿಗೆ ಒಂದಕ್ಕಿಂತ ಕಡಿಮೆಯಿದ್ದರೆ ಓಲಾಟದ ಲೆಕ್ಕವೂ ಬೇಕು. 2015ರ ಪರಿಷ್ಕರಣೆ ಚಂಡಮಾರುತದ ಕರಾವಳಿಗೆ ಇನ್ನೊಂದು ಗುಣಕ ಸೇರಿಸಿತು. ಒಳನಾಡಾದ ಬೀದರ್‌ಗೆ ಅದು ತಟ್ಟುವುದಿಲ್ಲ.

ಈ ಪಾಠ ಜಿಲ್ಲೆಗೆ ಬಂದದ್ದು ಎಂಜಿನಿಯರಿಂಗ್ ಕಾಲೇಜುಗಳ ಮೂಲಕ. ಬೀದರ್‌ನ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು 1980ರಲ್ಲಿ ಆರಂಭವಾಯಿತು. ಅದೇ ದಶಕದ ಮೊದಲ ವರ್ಷಗಳಲ್ಲಿ ಶುರುವಾದ ಭಾಲ್ಕಿಯ ಗ್ರಾಮೀಣ ಎಂಜಿನಿಯರಿಂಗ್ ಕಾಲೇಜು ಈಗ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆ. ದೊಡ್ಡ ಗಾಳಿ ಸುರಂಗ ಕೈಗೆಟುಕದ ಕಡೆ, ಕಂಪ್ಯೂಟರಿನಲ್ಲಿ ಕಟ್ಟಡದ ಚೌಕಟ್ಟನ್ನು ರೂಪಿಸಿ ಸಂಹಿತೆಯ ಗಾಳಿಭಾರ ಹೇರಿ ನೋಡುವುದೇ ಇಂಥ ಅಧ್ಯಯನದ ರೂಢಿಯ ದಾರಿ.

ಶಕ್ತಿಯ ಸಮೀಕ್ಷೆ

ಗಾಳಿಯಿಂದ ವಿದ್ಯುತ್ ಎಷ್ಟು ಸಿಕ್ಕೀತು ಎಂಬ ಪ್ರಶ್ನೆಗೆ ದೇಶಮಟ್ಟದ ಉತ್ತರ ಹುಡುಕಿದವರಲ್ಲಿ ಮೊದಲಿಗರು ಅನ್ನಾ ಮಣಿ (1918–2001). ಬೆಂಗಳೂರಿನಲ್ಲಿ ಸಿ. ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಿ, ಹವಾಮಾನ ಇಲಾಖೆಯಲ್ಲಿ ಉಪ ಮಹಾನಿರ್ದೇಶಕರ ಹುದ್ದೆಗೇರಿ 1976ರಲ್ಲಿ ನಿವೃತ್ತರಾದ ಅವರು ಮತ್ತೆ ಬೆಂಗಳೂರಿಗೇ ಮರಳಿದರು. ಹವಾಮಾನ ಕೇಂದ್ರಗಳ ದಾಖಲೆಗಳನ್ನು ಡಿ. ಎ. ಮೂಲೆ ಅವರೊಡನೆ ಸೋಸಿ 1983ರಲ್ಲಿ ಭಾರತದ ಗಾಳಿಶಕ್ತಿ ಮಾಹಿತಿಯ ಗ್ರಂಥ ತಂದರು. ಹಳೆಯ ಕೇಂದ್ರಗಳು ಊರೊಳಗೆ, ಗಿಡಮರಗಳ ಮರೆಯಲ್ಲಿ ಇದ್ದುದರಿಂದ ಅವುಗಳ ಅಂಕಿಗಳು ನಿಜವಾದ ಗಾಳಿಗಿಂತ ಕಡಿಮೆ ತೋರುತ್ತಿದ್ದವು. ಆದ್ದರಿಂದ ಬಯಲಿನಲ್ಲಿ, ಗುಡ್ಡಗಳ ಮೇಲೆ ಹೊಸ ಕಂಬಗಳನ್ನು ನೆಟ್ಟು ತಾಸುತಾಸಿಗೂ ಅಳೆಯುವ ಸಮೀಕ್ಷೆ ನಡೆಯಿತು. ಅದರ ಸಂಪುಟಗಳು 1990ರಿಂದ ಹೊರಬಂದವು.

ಅಂದಿನ ಯಂತ್ರಗಳು ಗಿಡ್ಡ. ಗಾಳಿಯನ್ನು ತಾವೇ ಎತ್ತಿಕೊಡುವ ಗುಡ್ಡಸಾಲುಗಳು ಅವಕ್ಕೆ ಬೇಕಿದ್ದವು. ಹಾಗಾಗಿ ಚಿತ್ರದುರ್ಗ, ಗದಗದ ಕಪ್ಪತಗುಡ್ಡದ ಕಡೆ ಪವನ ವಿದ್ಯುತ್ ಬೆಳೆಯಿತು. ಅಂಥ ಗುಡ್ಡಸಾಲಿಲ್ಲದ ಬೀದರ್ ಆ ಮೊದಲ ಅಲೆಯ ಹೊರಗುಳಿಯಿತು. ರಾಜ್ಯದಲ್ಲಿ ಈ ಕೆಲಸ ನೋಡಿಕೊಳ್ಳುವ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮ, ಕ್ರೆಡೆಲ್, 1996ರಲ್ಲಿ ಸ್ಥಾಪನೆಯಾಯಿತು. ಚೆನ್ನೈನ ಗಾಳಿ ತಂತ್ರಜ್ಞಾನ ಕೇಂದ್ರ 1998ರಲ್ಲಿ ಹುಟ್ಟಿ, ಮುಂದೆ ರಾಷ್ಟ್ರೀಯ ಪವನಶಕ್ತಿ ಸಂಸ್ಥೆಯಾಯಿತು.

ಎತ್ತರ ಏರಿದಂತೆ ಅಂದಾಜು ಬದಲಾದ ಪರಿ ಈ ಇತಿಹಾಸದ ಮುಖ್ಯ ಘಟ್ಟ. 2010ರ ಭಾರತೀಯ ಗಾಳಿ ನಕ್ಷೆ 50 ಮೀಟರ್ ಎತ್ತರದಲ್ಲಿ ಕರ್ನಾಟಕಕ್ಕೆ 8,591 ಮೆಗಾವಾಟ್ ಸಾಮರ್ಥ್ಯ ಹೇಳಿತ್ತು. 80 ಮೀಟರ್‌ಗೆ ಅಂದಾಜು 13,593 ಆಯಿತು. 2015ರಲ್ಲಿ 100 ಮೀಟರ್‌ನ ಅಂದಾಜು 55,857ಕ್ಕೆ ನೆಗೆಯಿತು. ಆಮೇಲೆ 120 ಮೀಟರ್‌ಗೆ ಸುಮಾರು 1.24 ಲಕ್ಷ, 150 ಮೀಟರ್‌ಗೆ ಸುಮಾರು 1.69 ಲಕ್ಷ ಮೆಗಾವಾಟ್ ಎಂದು ಲೆಕ್ಕ ಬಂತು. ಈ ಜಿಗಿತಕ್ಕೆ ಎತ್ತರವೊಂದೇ ಕಾರಣವಲ್ಲ. ಹಿಂದಿನ ನಕ್ಷೆ ಬಹುತೇಕ ರಾಜ್ಯಗಳಲ್ಲಿ ಶೇ. 2ರಷ್ಟು ನೆಲ ಮಾತ್ರ ಸಿಗುತ್ತದೆಂದು ಹಿಡಿದಿತ್ತು. 2015ರ ಲೆಕ್ಕ ಪಾಳುಭೂಮಿ, ಸಾಗುವಳಿ ಭೂಮಿ, ಕಾಡು ಎಂದು ನೆಲವನ್ನು ಬೇರೆಬೇರೆಯಾಗಿ ನೋಡಿತು. ಉದ್ದ ರೆಕ್ಕೆಯ ಎತ್ತರದ ಯಂತ್ರಕ್ಕೆ ಗುಡ್ಡದ ನೆರವು ಅಷ್ಟಾಗಿ ಬೇಕಿಲ್ಲ. ದಖ್ಖನ್ನಿನ ಸಾಗುವಳಿ ಬಯಲುಗಳು ಹೀಗೆ ಲೆಕ್ಕಕ್ಕೆ ಬಂದವು.

ಈಗಿನ ಸ್ಥಿತಿ

2024–25ರಲ್ಲಿ ಕರ್ನಾಟಕ 1,331 ಮೆಗಾವಾಟ್ ಪವನ ವಿದ್ಯುತ್ ಸಾಮರ್ಥ್ಯ ಸೇರಿಸಿ ಆ ವರ್ಷ ದೇಶದಲ್ಲೇ ಮೊದಲಾಯಿತು. ರಾಜ್ಯದ ಒಟ್ಟು ಸಾಮರ್ಥ್ಯ 7,300 ಮೆಗಾವಾಟ್ ದಾಟಿತು. 2018ರ ರಾಷ್ಟ್ರೀಯ ಗಾಳಿ-ಸೌರ ಮಿಶ್ರ ನೀತಿ ಎರಡನ್ನೂ ಒಂದೇ ಮಾರ್ಗಕ್ಕೆ ಜೋಡಿಸಲು ಉತ್ತೇಜನ ಕೊಟ್ಟಿದೆ. ಬೀದರ್ ಸೀಮೆಗೆ ಇದು ಹೊಂದುವ ಜೋಡಿ: ಬೇಸಿಗೆಯಲ್ಲಿ ಬಿಸಿಲು, ಮೋಡ ಕವಿದ ಮುಂಗಾರಿನಲ್ಲಿ ಗಾಳಿ.

ಪೇಟೆಯಲ್ಲಿ ಗಾಳಿ ಮುಖ್ಯವಾಗಿ ಕಟ್ಟಡದ ಮೇಲಿನ ಭಾರ. ತಾರಸಿಯ ಮೇಲಿನ ಸಣ್ಣ ಗಾಳಿಯಂತ್ರಗಳು ಸುಳಿಗಾಳಿಗೆ ಸಿಕ್ಕಿ ಹೇಳಿಕೊಳ್ಳುವಂಥ ವಿದ್ಯುತ್ ಕೊಡುವುದಿಲ್ಲ. ಭಾಲ್ಕಿ, ಔರಾದ್‌ಗಳ ತೆರೆದ ಹೊಲಗಳಲ್ಲಿ ಅದೇ ಗಾಳಿಯನ್ನು ಶಕ್ತಿಯ ಮೂಲವಾಗಿ ಪರಿಗಣಿಸಬಹುದು. ಯಾವ ಹೊಲಕ್ಕೆ ಯಾವ ಯಂತ್ರ ಎಂಬುದನ್ನು ರಾಜ್ಯಮಟ್ಟದ ಅಂದಾಜಿನಿಂದ ನಿರ್ಧರಿಸಲಾಗದು. ಯಂತ್ರದ ನಾಭಿಯ ಎತ್ತರದಲ್ಲೇ ಕನಿಷ್ಠ ಒಂದು ವರ್ಷದ ಅಳತೆ ಬೇಕು. ಶಾಸ್ತ್ರದ ಎರಡು ಕವಲುಗಳು ಯಂತ್ರದ ಕಂಬದಲ್ಲೇ ಕೂಡುತ್ತವೆ. 100 ಮೀಟರ್ ದಾಟುವ ಆ ಕಂಬ ಗವಾನ್ ಮದರಸಾದ ಮಿನಾರಿನ ಎರಡೂವರೆ ಪಟ್ಟು ಎತ್ತರದ, ಅದಕ್ಕಿಂತ ಎಷ್ಟೋ ತೆಳ್ಳಗಿನ ರಚನೆ. ಶಕ್ತಿಗಾಗಿ ಅದನ್ನು ಎತ್ತರಿಸಿದಷ್ಟೂ ಅದರ ಬುಡಕ್ಕೆ ಬೀಳುವ ಬಾಗುಬಲ ಹೆಚ್ಚುತ್ತದೆ. ಎರಡನ್ನೂ ಒಂದೇ ಗಾಳಿಯ ದಾಖಲೆಯಿಂದ ಲೆಕ್ಕ ಹಾಕಬೇಕಾಗುತ್ತದೆ.